ಬೊರೆಲ್ ಮುಟ್ಟಿದ

ಎವೆಲಿಯೊ ಬದುಕಿಡೀ ಬಸ್ ಓಡಿಸಿದ. ಆದರೆ ಅವನ ಅಸಲು ಕಸುಬು ಇದ್ದದ್ದು ಹವಾನಾದ ಸೆಂಟ್ರಲ್ ಪಾರ್ಕಿನ ಒಂದು ಮೂಲೆಯಲ್ಲಿ. ಗಂಡಸರು ಮರದ ನೆರಳಲ್ಲಿ ಗುಂಪುಗೂಡಿ, ಬೇಸ್‌ಬಾಲ್ ಬಗ್ಗೆ ಗಂಟಲು ಹರಿಯುವಂತೆ ಜಗಳವಾಡುವ ಮೂಲೆ ಅದು. ಹೆಂಡತಿ ಬಿಟ್ಟುಹೋದ ದಿನವೂ ಅವನು ಅಲ್ಲಿಗೆ ಬಂದಿದ್ದ. ನಿವೃತ್ತನಾದ ಮೇಲಂತೂ ಬೆಳಗಿನ ಕಾಫಿ ಕುಡಿದು ಬಂದು ನಿಂತರೆ ಹೊಟ್ಟೆ ಚುರುಗುಟ್ಟಿದಾಗಲೇ ಮನೆ ನೆನಪು. ಮನೆಯಲ್ಲಿ ಅವನ ಮಾತಿಗೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಇಲ್ಲಿ ವೈರಿಯಾದರೂ ಇದ್ದ.

ವೈರಿಯ ಹೆಸರು ರುಪೆರ್ತೊ. ಅಜ್ಜನ ಕಾಲದ ಕಾರುಗಳಿಗೆ ಜೀವ ಕೊಡುವ ಮೆಕ್ಯಾನಿಕ್, ಉಗುರಲ್ಲಿ ಗ್ರೀಸು, ನಾಲಿಗೆಯಲ್ಲಿ ವಿಷ. ಎವೆಲಿಯೊನಿಗೆ ಬೊರೆಲ್ ದೇವರಾದರೆ ರುಪೆರ್ತೊಗೆ ಸಾಲ್ದಿವಾರ್. ಬೊರೆಲ್ ಕುಳ್ಳ, ಮೈದಾನದಲ್ಲಿ ಓಟಗಾರರು ಮುಟ್ಟಬೇಕಾದ ಎರಡನೇ ಠಾಣೆ, ಸೆಕೆಂಡ್ ಬೇಸ್ ಕಾಯುತ್ತಿದ್ದವನು. ಬ್ಯಾಟನ್ನು ಬರೀ ಒಡ್ಡಿ ಚೆಂಡನ್ನು ಕಾಲ ಬುಡದಲ್ಲೇ ಸಾಯಿಸಿ, ಎದುರಾಳಿ ಬಗ್ಗಿ ಎತ್ತುವಷ್ಟರಲ್ಲಿ ಓಡಿ ಬೇಸ್ ಸೇರಿಬಿಡುತ್ತಿದ್ದ. ಮಂಡಿ ಸವೆಯುವವರೆಗೂ ಹವಾನಾಕ್ಕೇ ಆಡಿ, ಈಗ ಎಲ್ಲೋ ಶಾಲಾ ಮಕ್ಕಳಿಗೆ ಆಟ ಕಲಿಸುತ್ತಿದ್ದಾನೆ. ಸಾಲ್ದಿವಾರ್ ದೇಶದ ಪೂರ್ವದ ಕಡೆಯ ಭಾರೀ ಎತ್ತರದ ಎಡಗೈಯವ. ಬೀಸಿದರೆ ಚೆಂಡು ಮೈದಾನದಾಚೆ, ಹೋಮ್ ರನ್; ಇಲ್ಲವಾದರೆ ಔಟ್. ಒಂದು ದಿನ ಸಮುದ್ರದಾಚೆ ಉತ್ತರದ ದೊಡ್ಡ ದೇಶಕ್ಕೆ ಹಾರಿ ಅಲ್ಲಿ ದೊಡ್ಡ ಹೆಸರು ಮಾಡಿದ.

ಈ ವೈರಿಗಳಿಬ್ಬರ ನಡುವೆ ಒಂದು ಹಳೆಯ ಫೈನಲ್ ಸಿಕ್ಕಿಕೊಂಡಿತ್ತು. ಕೊನೆಯ ಗಳಿಗೆಯಲ್ಲಿ ಸಾಲ್ದಿವಾರ್ ಸೆಕೆಂಡ್ ಬೇಸ್‌ಗೆ ಜಾರಿಬಂದ. ಬೇಸ್ ಸೇರುವ ಮೊದಲು ಚೆಂಡಿರುವ ಕೈ ತಾಗಿದರೆ ಓಡಿಬಂದವನು ಔಟ್. ಬೊರೆಲ್ ಚೆಂಡು ಹಿಡಿದ ಕೈಯನ್ನು ಅವನ ಹೆಗಲಿಗೆ ಇಳಿಸಿದ. ಅಂಪೈರ್ ಔಟ್ ಕೊಟ್ಟ, ಹವಾನಾ ಗೆದ್ದಿತು. ಕೈ ಮುಟ್ಟಿತೇ ಇಲ್ಲವೇ? ರುಪೆರ್ತೊ ಮತ್ತು ಎವೆಲಿಯೊ ತಲೆಗೂದಲು ನರೆಯುವವರೆಗೂ ಕಚ್ಚಾಡಿದ್ದು ಇದಕ್ಕೇ.

ಆ ಮೂಲೆಗೂ ಒಂದು ಕಟ್ಟುಪಾಡಿತ್ತು. ಮೂಗಿಗೆ ಮೂಗು ತಂದು ಏನು ಬೇಕಾದರೂ ಬೈಯಬಹುದು, ಕೈ ಮಾತ್ರ ತಾಗಬಾರದು. ತಾಗಿಸಿದವನಿಗೆ ಎಲ್ಲರೂ ಬೆನ್ನು ತಿರುಗಿಸುತ್ತಾರೆ, ಸಾಯುವವರೆಗೂ. ತಾಗಿತೋ ಇಲ್ಲವೋ ಎನ್ನುವುದಕ್ಕೆ ತಾಗಿಸಿಕೊಂಡವನ ಮಾತೇ ಕೊನೆ. ಹಿಂದೊಮ್ಮೆ ಯಾರದೋ ಕಾಲರ್ ಹಿಡಿದ ಹಲ್ಲಿನ ಡಾಕ್ಟರನ್ನು ಹೀಗೆಯೇ ಹೊರಗಟ್ಟಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಎವೆಲಿಯೊ.

ಆ ಬೆಳಿಗ್ಗೆ ರುಪೆರ್ತೊ ಬರುವಾಗಲೇ ಕೊಂಬು ಮಸೆದುಕೊಂಡು ಬಂದಿದ್ದ.

“ಬ್ಯಾಟ್ ಒಡ್ಡೋದು, ಇಲಿ ಥರ ಓಡೋದು. ಇದೂ ಒಂದು ಆಟವೇನೋ? ಸಾಲ್ದಿವಾರ್ ಹೊಡೆದ ಚೆಂಡನ್ನ ಸಮುದ್ರದಲ್ಲಿ ಹುಡುಕಬೇಕಿತ್ತು!”

“ತಾಗಿದ್ರೆ ತಾನೇ ಸಮುದ್ರ?” ಎಂದ ಎವೆಲಿಯೊ. “ಬೀಸಿದ್ದೆಲ್ಲ ಗಾಳಿಗೆ. ಅವನನ್ನ ಮನೇಲಿ ನಿಲ್ಲಿಸ್ಕೊಳ್ಳೋ, ಕರೆಂಟ್ ಹೋದಾಗ ಫ್ಯಾನ್ ಆಗ್ತಾನೆ.”

ಸುತ್ತಲಿನವರು ಹೋ ಎಂದರು. ರುಪೆರ್ತೊನ ಮುಖ ಕಪ್ಪಿಟ್ಟಿತು.

“ನಿನ್ನೋನನ್ನ ಆಚೆಯಿಂದ ಕರೆಯೋರೇ ಇರ್ಲಿಲ್ಲ. ಅದಕ್ಕೇ ಇಲ್ಲಿ ಉಳ್ಕೊಂಡ.”

“ಕರೆದಿದ್ರು ಕಣೋ! ಹೋಗಲ್ಲ ಅಂದ. ಅದಕ್ಕೂ ಗುಂಡಿಗೆ ಬೇಕು.”

“ಗುಂಡಿಗೆ? ಫೈನಲ್ ಕದ್ದ ಕಳ್ಳನಿಗೆ? ಕೈ ಒಂದು ಗೇಣು ದೂರ ಇತ್ತು. ಅವನೂ ಕಳ್ಳ, ಅವನನ್ನ ಹೊಗಳೋ ನೀನೂ ಕಳ್ಳ!”

ಎವೆಲಿಯೊನಿಗೆ ಮೈಯೆಲ್ಲ ಉರಿದುಹೋಯಿತು. “ಕುರುಡಾ, ನೋಡಿಲ್ಲಿ! ಚೆಂಡು ಹೀಗೆ ಬಂತು. ಹೀಗೆ ಹಿಡಿದ. ಹೀಗೆ ತಿರುಗಿ, ಹೀಗೆ...” ಎಂದು ಬೊರೆಲ್‌ನಂತೆಯೇ ಬಗ್ಗಿ, ತಿರುಗಿ, ಕೈ ಇಳಿಸಿದ. ಕೈ ರುಪೆರ್ತೊನ ಹೆಗಲ ಮೇಲೆ ಬಿತ್ತು.

ಸುತ್ತಲಿನವರು ಒಂದು ಹೆಜ್ಜೆ ಹಿಂದೆ ಸರಿದರು. ಕಡಲೆಕಾಯಿ ಪೊಟ್ಟಣ ಮಾರುವ ಮುದುಕ ಪ್ರಿಮಿತಿವೊ ಅಲ್ಲಿ ಎಲ್ಲರಿಗೂ ಹಿರಿಯ. ಅವನೇ ಕೇಳಿದ. “ರುಪೆರ್ತೊ, ನೀನೇ ಹೇಳಪ್ಪ. ತಾಗ್ತಾ?”

ರುಪೆರ್ತೊ ನಿಧಾನವಾಗಿ ನಕ್ಕ. “ತಾಗಿಲ್ಲ ಅಂತೀನಿ ಅಜ್ಜ. ಮೊದಲು ಇವನು ಹೇಳ್ಲಿ, ಬೊರೆಲ್ ಕೈ ಸಾಲ್ದಿವಾರ್‌ಗೆ ತಾಗಲಿಲ್ಲ ಅಂತ. ಅಷ್ಟೇ. ನಾಳೆ ಬಂದು ಇಲ್ಲೇ ನಿಂತ್ಕೊಳ್ಳಲಿ.”

ಎವೆಲಿಯೊನಿಗೆ ಭಯವಾಯಿತು, ಮನೆಯ ಆ ಗೋಡೆಗಳ ಭಯ. ಒಂದು ಸುಳ್ಳು ಹೇಳಿದರೆ ಯಾರ ಗಂಟು ಹೋಗುತ್ತದೆ? ಎವೆಲಿಯೊ ಎಂಬವನು ಭೂಮಿಯ ಮೇಲಿದ್ದಾನೆ ಎಂಬುದೇ ಬೊರೆಲ್‌ಗೆ ಗೊತ್ತಿರಲಿಲ್ಲ.

“ಅಂದುಬಿಡು ಮಾರಾಯ,” ಎಂದ ಮುದುಕ. “ಬರೀ ಬಾಯಿಮಾತು.”

“ಬೊರೆಲ್ ಮುಟ್ಟಿದ,” ಎಂದ ಎವೆಲಿಯೊ. “ಸಾಲ್ದಿವಾರ್ ಔಟ್. ನಾನೂ ನಿನ್ನ ಮುಟ್ಟಿದೀನಿ. ಏನ್ ಮಾಡ್ಕೋತೀಯೋ ಮಾಡ್ಕೋ ಹೋಗು.”

ರುಪೆರ್ತೊನ ನಗು ಜಾರಿಹೋಯಿತು. ಇದನ್ನು ಅವನು ಎಣಿಸಿರಲಿಲ್ಲ. “ತಾಗಿತು,” ಎಂದವನೇ ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿದ. ಉಳಿದವರೂ ಒಬ್ಬೊಬ್ಬರಾಗಿ ತಿರುಗಿದರು. ಕೊನೆಗೆ ಮುದುಕನೂ.

“ಹೇಡಿಗಳಾ!” ಎಂದು ಕೂಗಿದ ಎವೆಲಿಯೊ.

ಆ ಮೂಲೆಯಲ್ಲಿ ಒಂದು ಬೈಗುಳವೂ ಉತ್ತರ ಸಿಗದೆ ಬಿದ್ದದ್ದಿಲ್ಲ. ಅವನು ಕಾದ. ಆಮೇಲೆ ಇನ್ನೊಂದು ಬೈದ, ಅವರವರ ತಾಯಂದಿರನ್ನೂ ಎಳೆದು. ಅದಕ್ಕೂ ಯಾರೂ ತಿರುಗಿ ಬೈಯಲಿಲ್ಲ.