ಮೇಸ್ತ್ರಿಯ ಕೈಯ ಕೋಲು

ಮುನಿರಾಬಾದಿನಲ್ಲಿ ಅಣೆಕಟ್ಟಿನ ಕೆಲಸ ನಡೆದಿದ್ದಾಗ, ನಾವು ಮೇಸ್ತ್ರಿ ಎನ್ನುತ್ತಿದ್ದ ಬಡಗಿಯೊಬ್ಬರು ಕ್ಯಾಂಪಿನಲ್ಲಿದ್ದರು. ಸಾಹೇಬರು ಮುರಿದು ಎಸೆದ ಗಾಲ್ಫ್ ಕೋಲುಗಳ ಕಬ್ಬಿಣದ ತಲೆಗೆ ಜಾಲಿ ಮರದ ಕಾವು, ಅಂದರೆ ಹಿಡಿಕೆ, ಹಾಕಿ, ಆಟ ಕಲಿಯುವ ನಮ್ಮಂಥ ಗುಮಾಸ್ತರಿಗೆ ಅಗ್ಗಕ್ಕೆ ಕೊಡುತ್ತಿದ್ದರು. ಮೊದಲು ನಮ್ಮನ್ನು ನೆಟ್ಟಗೆ ನಿಲ್ಲಿಸಿ, ಮುಂಗೈಯಿಂದ ನೆಲದವರೆಗೆ ದಾರ ಹಿಡಿದು ಅಳೆಯುವರು. ಸಲಿಕೆಯ ಕಾವಿಗೂ ಅವರದು ಅದೇ ಅಳತೆ.

"ಕಲಿಯೋರಿಗೆ ಒಂದ ಕೋಲು ಸಾಕ್ರಿ" ಎಂಬುದು ಅವರ ಮಾತು.

ನನಗೂ ಒಂದೇ ಕೊಟ್ಟರು. ಆದರೆ ನನ್ನ ಪಕ್ಕದ ಮೇಜಿನ ಗುಮಾಸ್ತನಿಗೆ ಎರಡನೆಯದನ್ನೂ ಕೊಟ್ಟರು. ಅದು ಸಂಜೆ ಬಯಲಿನಲ್ಲಿ ಮೇಸ್ತ್ರಿಯೇ ಆಡುತ್ತಿದ್ದ ಕೋಲು.

"ನನಗ್ಯಾಕ ಕೊಡಲಿಲ್ರಿ, ಮೇಸ್ತ್ರಿ?" ಎಂದು ಕೇಳಿಯೇ ಬಿಟ್ಟೆ.

"ಹೊಡಿಯೋವಾಗ ಅವ್ರು ತಮ್ಮ ಚೆಂಡು ನೋಡ್ತಾರ್ರಿ. ನೀವೂ ಅವ್ರ ಚೆಂಡನ್ನ ನೋಡ್ತೀರಿ" ಎಂದು ನಕ್ಕು, ಉಳಿಗೆ ಸಾಣೆ ಹಿಡಿಯತೊಡಗಿದರು.

ಮೇಸ್ತ್ರಿ ತೀರಿಕೊಂಡ ದಿನ ಆ ಗುಮಾಸ್ತ ಬಯಲಿನಿಂದ ನೇರವಾಗಿ ಓಡಿ ಬಂದಿದ್ದ. ಆ ಕೋಲನ್ನೇ ಊರಿಕೊಂಡು ಮೇಸ್ತ್ರಿಯ ಮನೆಯ ಅಂಗಳದಲ್ಲಿ ಅಳುತ್ತ ನಿಂತಿದ್ದ. ನಾನೂ ಅತ್ತೆ. ಆದರೆ ಅವರ ಹೆಣ ಎತ್ತುವಾಗಲೂ ನನ್ನ ಕಣ್ಣು ಅವನ ಕೈಯ ಕಾವಿನ ಮೇಲೆ, ಮೇಸ್ತ್ರಿಯ ಹೆಬ್ಬೆರಳು ಸವೆಸಿ ನುಣುಪಾಗಿಸಿದ ಜಾಗದಲ್ಲೇ ಇತ್ತು.