ಎರಡು ಖಾಲಿ ಕುರ್ಚಿ, ಆರು ಜಪಾನಿ ಚಿತ್ರ

ಶನಿವಾರ ಬೆಳಿಗ್ಗೆ ಎನ್ಸ್‌ಕೆಡೆ ಎಂಬ ಡಚ್ ಊರಿನಿಂದ ರೈಲು ಹೊರಟಾಗ ಬೋಗಿಯಲ್ಲಿ ನನ್ನನ್ನು ಬಿಟ್ಟರೆ ಇದ್ದದ್ದು ಒಬ್ಬ ಅಜ್ಜ ಮತ್ತು ಅವರ ಮಡಚುವ ಸೈಕಲ್ಲು. ಮೊದಲ ಲಾಕ್‌ಡೌನ್ ಸಡಿಲಾದ ಬೇಸಿಗೆ ಅದು. ಮಾಸ್ಕ್ ಇಲ್ಲದೆ ರೈಲು ಹತ್ತುವಂತಿರಲಿಲ್ಲ. ಉಸಿರಿನ ಹಬೆ ಕನ್ನಡಕದ ಮೇಲೆ ಕೂತು, ಹೊರಗಿನ ಹಸುಗಳೆಲ್ಲ ಮಂಜಿನಲ್ಲಿ ಮೇಯುತ್ತಿರುವಂತೆ ಕಾಣುತ್ತಿದ್ದವು. ಆಮರ್ಸ್‌ಫೋರ್ಟ್‌ಗೆ ಒಂದೂವರೆ ಗಂಟೆಯ ದಾರಿ. ರಿಯಾಯಿತಿ ಕಾರ್ಡ್ ಇದ್ದದ್ದರಿಂದ ಹನ್ನೆರಡು ಯೂರೊ ಚಿಲ್ಲರೆಯಲ್ಲಿ ಮುಗಿಯಿತು.

ನನ್ನ ಗಂಡ ಅನಂತ ಮೈಸೂರಿನವನು, ಆಮ್‌ಸ್ಟರ್‌ಡ್ಯಾಮಿನ ಜೈಡಾಸ್ ಎಂಬ ವ್ಯಾಪಾರಿ ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸ. ನಾನು ಗದಗಿನವಳು, ಎನ್ಸ್‌ಕೆಡೆಯ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ. ಅವನದೊಂದು ಮನೆ, ನನ್ನದೊಂದು ಮನೆ. ಎರಡೂ ಒಂದೇ ಕೋಣೆಯವು. ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದು ಆಜ್ಞೆಯಾದಾಗ, ಇನ್ನಾದರೂ ಒಟ್ಟಿಗಿರಬಹುದು ಎಂದು ಖುಷಿಯಿಂದ ಅವನ ಮನೆಗೆ ಹೋದೆ. ದಿನವಿಡೀ ಅವನ ಮೀಟಿಂಗು. ನಾನು ಬಾತ್‌ರೂಮಿನಲ್ಲಿ, ಮುಚ್ಚಿದ ಕಮೋಡಿನ ಮೇಲೆ ಕೂತು ಪ್ರಬಂಧ ತಿದ್ದಿದೆ. ಎರಡು ವಾರಕ್ಕೆ ಸಾಕಾಗಿ ಓಡಿ ಬಂದೆ. ಆಮೇಲೆ ನಮ್ಮ ಫೋನಿನ ಮಾತು ಅಕ್ಕಿ, ಬೇಳೆ, ಮಾಸ್ಕಿನಾಚೆ ಹೋಗಲೇ ಇಲ್ಲ.

ಹೀಗಿರುವಾಗ ಜಪಾನಿನ ಪ್ರಯೋಗಾಲಯವೊಂದರಿಂದ ಕರೆ ಬಂತು. ಎರಡು ವರ್ಷದ ಕೆಲಸ. ಗಡಿ ಮುಚ್ಚಿದೆ, ತೆರೆದ ಮೇಲೆ ಬನ್ನಿ, ಆದರೆ ಒಪ್ಪಿಗೆ ಸೋಮವಾರದೊಳಗೆ ತಿಳಿಸಿ ಎಂದಿದ್ದರು. ಅನಂತನಿಗೆ ನಾನು ಹೇಳಿರಲಿಲ್ಲ. ಬೇಡ ಎನ್ನುತ್ತಾನೆಂಬ ಭಯವಲ್ಲ. ಅವನು ಸಲೀಸಾಗಿ 'ಹೋಗು' ಎಂದುಬಿಟ್ಟರೆ? ಬಾಯಲ್ಲಿಟ್ಟುಕೊಂಡ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಅಷ್ಟರಲ್ಲಿ ಆಮರ್ಸ್‌ಫೋರ್ಟ್‌ನ ಸಣ್ಣ ಚಿತ್ರಮಂದಿರವೊಂದರಲ್ಲಿ ಪ್ರಾಯೋಗಿಕ ಜಪಾನಿ ಕಿರುಚಿತ್ರಗಳಿವೆ, ವಿಷಯ ಬದುಕು, ಪ್ರೀತಿ, ಭಾಷೆ ಎಂಬ ಜಾಹೀರಾತು ಕಣ್ಣಿಗೆ ಬಿತ್ತು. ಊರು ಇಬ್ಬರಿಗೂ ನಡುದಾರಿ. ಆ ದೇಶದ ಮಾತು ಕಿವಿಗೆ ಬಿದ್ದ ಮೇಲಾದರೂ ನನ್ನ ಮಾತು ಹೊರಬೀಳಲಿ ಎಂದು ಎರಡು ಟಿಕೆಟ್ ತೆಗೆದು ಅವನನ್ನು ಕರೆದೆ.

ರೈಲಿನಲ್ಲಿ ಮೂರು ಸಲ ಸೀಟು ಬದಲಾಯಿಸಿದೆ. ಅಪೆಲ್‌ಡೋರ್ನ್ ದಾಟುವಷ್ಟರಲ್ಲಿ, ಹೇಳಬೇಕಾದ ಮಾತನ್ನು ನಾಲ್ಕು ಬಗೆಯಲ್ಲಿ ಜೋಡಿಸಿ ನಾಲ್ಕನ್ನೂ ಕೆಡಿಸಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅವ್ವ ಬೈಯುತ್ತಿದ್ದುದು ಸುಳ್ಳಲ್ಲ.

ಅನಂತ ನಿಲ್ದಾಣದ ಹೊರಗೆ ಕಾಯುತ್ತಿದ್ದ. ಬೆನ್ನ ಮೇಲೆ ಹೊಟ್ಟೆ ಬಿರಿಯುವಂತೆ ತುಂಬಿದ ಚೀಲ.

"ಸಿನಿಮಾ ನೋಡಾಕ ಬಂದೀಯೋ, ಹಿಮಾಲಯ ಹತ್ತಾಕ ಬಂದೀಯೋ?" ಎಂದೆ.

"ಇರ್ಲಿ ಬಿಡೇ, ಏನೋ ಸಾಮಾನು," ಎಂದು ಮಾತು ತಿರುಗಿಸಿದ. "ಅದ್ಸರಿ, ಜಪಾನಿ ಸಿನಿಮಾ ಹುಚ್ಚು ಯಾವಾಗಿಂದ ನಿಂಗೆ?"

ನಾನೂ ಮಾತು ತಿರುಗಿಸಿದೆ. ಕಾಲುವೆಯ ದಂಡೆಯಲ್ಲಿ ನಡೆದೆವು. ಬಿಸಿಲಿತ್ತು, ಗಾಳಿ ಮಾತ್ರ ತಣ್ಣಗಿತ್ತು.

ಚಿತ್ರಮಂದಿರದ ಬಾಗಿಲಲ್ಲಿ ನಿಂತ ಹುಡುಗಿ ಕೈಗೆ ಸ್ಯಾನಿಟೈಸರ್ ಹಾಕಿ, ಇಂಗ್ಲಿಷಿನಲ್ಲಿ ಕೇಳಿದಳು: "ನೀವಿಬ್ಬರೂ ಒಂದೇ ಮನೆಯವರಾ?"

"ಹೌದು," ಎಂದ ಅನಂತ. ಅದೇ ಗಳಿಗೆಯಲ್ಲಿ ನಾನು "ಇಲ್ಲ" ಎಂದೆ.

ಪರದೇಶದಲ್ಲಿ ವಾಸದ ಪರ್ಮಿಟ್ಟಿನ ಮೇಲೆ ಬದುಕುವವರಿಗೆ ಇದೊಂದು ರೋಗ. ಯಾರು ಏನು ಕೇಳಿದರೂ ಗೆಮೇಂಟೆಯಲ್ಲಿ, ಅಂದರೆ ನಗರಸಭೆಯಲ್ಲಿ, ಏನು ನೋಂದಾಯಿಸಿದೆಯೋ ಅದನ್ನೇ ಹೇಳುವುದು. ನಮ್ಮ ವಿಳಾಸ ಎರಡು. ಸುಳ್ಳು ಹೇಳಿ ದಂಡ ಬಿದ್ದರೆ? ಹುಡುಗಿ ನಕ್ಕು, ನಡುವೆ ಎರಡು ಕುರ್ಚಿ ಖಾಲಿ ಬಿಟ್ಟು ಕೂರಿಸಿದಳು. ಅನಂತ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡತೊಡಗಿದ.

ಉಪಶೀರ್ಷಿಕೆಗಳೆಲ್ಲ ಡಚ್ಚಿನಲ್ಲಿ! ಅವನಿಗೆ ಡಚ್ ಬರುತ್ತದೆ, ನನಗೆ ತರಕಾರಿ ಕೊಳ್ಳುವಷ್ಟು ಮಾತ್ರ. ಮೊದಲ ಚಿತ್ರದಲ್ಲಿ ಒಬ್ಬ ಒಗೆಯುವ ಯಂತ್ರದ ಮುಂದೆ ಕೂತು ಅದಕ್ಕೆ ಪಾಠ ಹೇಳುತ್ತಿದ್ದ. ನನ್ನ ಫೋನು ಮಿಣುಕಿತು. ಅನಂತ ಕನ್ನಡದಲ್ಲಿ ಬರೆದಿದ್ದ: 'ತನ್ನ ಊರ ಮಾತು ಕಲಿಸ್ತಿದಾನೆ. ಮಾತಾಡೋರು ಯಾರೂ ಉಳಿದಿಲ್ವಂತೆ.' ಮುಂದಿನದರಲ್ಲಿ ಪರದೆ ಪೂರ್ತಿ ಕತ್ತಲು, ಹೆಂಗಸೊಬ್ಬಳ ದನಿ ಮಾತ್ರ. 'ಬೆಕ್ಕಿಗೆ ಬೈತಿದಾಳೆ. ಬೆಕ್ಕಿಗಲ್ಲ ಅನ್ಸತ್ತೆ.' ನನಗೆ ನಗು ಬಂತು. ಹಿಂದಿನ ಸಾಲಿನ ಹೆಂಗಸು ನಮ್ಮ ಫೋನಿನ ಬೆಳಕಿಗೆ ಸಿಟ್ಟಾಗಿ ಬೇಕೆಂದೇ ಕೆಮ್ಮಿದಳು. ಆ ದಿನಗಳಲ್ಲಿ ಕೆಮ್ಮುವುದೆಂದರೇನು! ಇದ್ದ ಹತ್ತಿಪ್ಪತ್ತು ಜನ ಬೆಚ್ಚಿ ಅವಳತ್ತಲೇ ತಿರುಗಿದರು. ನಾವು ಫೋನು ಒಳಗಿಟ್ಟೆವು.

ನಡುವಿನ ಮೂರು ಚಿತ್ರ ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಯದಕ್ಕೆ ಮಾತೇ ಬೇಕಿರಲಿಲ್ಲ. ಒಂದು ಮೇಜು, ಎರಡು ಜೊತೆ ಕೈ. ಊಟ ಮಾಡುತ್ತ ಬಟ್ಟಲನ್ನು ಒಬ್ಬರು ಇನ್ನೊಬ್ಬರತ್ತ ತಳ್ಳುತ್ತಾರೆ. ಋತು ಬದಲಾಗುತ್ತದೆ, ಬಟ್ಟಲು ಬದಲಾಗುತ್ತದೆ. ಆಮೇಲೆ ಒಂದೇ ಜೊತೆ ಕೈ. ಅದು ಊಟ ಮುಗಿಸಿ, ಬಟ್ಟಲನ್ನು ಮತ್ತೆ ಎದುರಿಗೆ ತಳ್ಳಿ, ಕಾಯುತ್ತದೆ. ಪಕ್ಕಕ್ಕೆ ನೋಡಿದೆ, ಎರಡು ಖಾಲಿ ಕುರ್ಚಿ, ಅದರಾಚೆ ಚೀಲ ತಬ್ಬಿಕೊಂಡ ನನ್ನ ಗಂಡ.

ಹೊರಗೆ ಬಂದು ಚೌಕದ ಹೋಟೆಲಿನ ಎದುರು ಹಾಕಿದ್ದ ಮೇಜಿಗೆ ಹೋದರೆ, ಮಾಣಿಯೂ ಅದನ್ನೇ ಕೇಳಬೇಕೆ? ಒಂದೇ ಮನೆಯವರಾ?

"ಹೌದು," ಎಂದೆ ನಾನು, ಗಟ್ಟಿಯಾಗಿ. "ಇಲ್ಲ," ಎಂದ ಅನಂತ.

"ನೀವೇ ಮೊದಲು ತೀರ್ಮಾನ ಮಾಡಿಕೊಳ್ಳಿ," ಎಂದು ಮಾಣಿ ಒಳಗೆ ಹೋದ.

"ಯಾಕ ಇಲ್ಲ ಅಂದಿ?"

"ಅಲ್ಲಿ ಇಲ್ಲ ಅಂದಿದ್ದು ನೀನೇ ಅಲ್ವಾ? ಅದಕ್ಕೇ ಅಂದೆ."

ಆಗ ಹೇಳಿದೆ. ರೈಲಿನಲ್ಲಿ ಜೋಡಿಸಿದ್ದ ಯಾವ ಬಗೆಯಲ್ಲೂ ಅಲ್ಲ, ಬಾಯಿಗೆ ಬಂದಂತೆ: ಜಪಾನು, ಎರಡು ವರ್ಷ, ಸೋಮವಾರ. ಅವನು ಮಾಣಿಯನ್ನು ಕರೆದು ಒಂದು ತಟ್ಟೆ ಕರಿದ ಆಲೂಗಡ್ಡೆ ತರಿಸಿದ.

"ಹೋಗು ಅಂದ್ರೆ ಬೇಜಾರ್ ಮಾಡ್ಕೋತೀಯ. ಬೇಡ ಅಂದ್ರೆ ಜೀವಮಾನ ಪೂರ್ತಿ ಬೈತೀಯ. ಏನ್ ಹೇಳ್ಲಿ ನಾನು?"

"ನಿನಗ ಏನ ಅನಸ್ತದೋ ಅದನ್ನ ಹೇಳು."

ಅವನು ತಟ್ಟೆಯನ್ನು ನನ್ನತ್ತ ತಳ್ಳಿದ. ಇನ್ನು ಮುಗಿಯಿತು, ಇವನು ಹೀಗೇ ಸುಮ್ಮನೆ ನನ್ನನ್ನು ಬಿಟ್ಟುಕೊಡುತ್ತಾನೆ ಎಂದುಕೊಂಡು ನಾನೇ ತಿಂದು ಖಾಲಿ ಮಾಡಿದೆ.

ನಿಲ್ದಾಣದಲ್ಲಿ ಅವನ ರೈಲು ಮೊದಲಿತ್ತು. ಬೀಳ್ಕೊಡಲೆಂದು ನನ್ನ ಪ್ಲಾಟ್‌ಫಾರ್ಮಿಗೆ ಬಂದವನು ಅಲ್ಲೇ ನಿಂತ. ಎದುರಿನ ಹಳಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಲು ಬಂತು, ಹೋಯಿತು.

"ನಿನ್ನ ಗಾಡಿ ಹೋತಲ್ಲೋ!"

"ಹೋಗ್ಲಿ ಬಿಡು." ಅವನು ಚೀಲ ಇಳಿಸಿ ಜಿಪ್ ಎಳೆದ. ಲ್ಯಾಪ್‌ಟಾಪ್, ಚಾರ್ಜರ್, ಮಡಚಿದ ಅಂಗಿಗಳು, ಹಲ್ಲುಜ್ಜುವ ಬ್ರಷ್ಷು. "ಬೆಳಿಗ್ಗೆನೇ ಕೇಳ್ಬೇಕು ಅಂತ ಬಂದಿದ್ದೆ ಕಣೇ, ನಿನ್ ಜೊತೆ ಎನ್ಸ್‌ಕೆಡೆಗೆ ಬರ್ಲಾ ಅಂತ. ಅಲ್ಲಿ ಬಾಗಿಲಲ್ಲಿ ನೀನು ಇಲ್ಲ ಅಂದ್ಯಲ್ಲ, ಬಾಯಿ ಕಟ್ಟೋಯ್ತು."

ನಾನು ಬಗ್ಗಿ ಆ ಬ್ರಷ್ಷನ್ನು ಕೈಗೆತ್ತಿಕೊಂಡೆ.

"ಜಪಾನಿಗೆ ಹೋಗು. ಗಡಿ ತೆಗೆಯೋವರೆಗೂ ಎನ್ಸ್‌ಕೆಡೆಲಿ ಒಟ್ಟಿಗಿರೋಣ. ಈ ಸಲ ಬಾತ್‌ರೂಮಲ್ಲಿ ನಾನು ಕೂತ್ಕೋತೀನಿ."

ಮಾಸ್ಕಿನೊಳಗೆ ಅಳುವುದು ಎಂಥ ಅಧ್ವಾನವೆಂದು ಆವತ್ತು ತಿಳಿಯಿತು. ನನ್ನ ರೈಲು ಬಂದಾಗ ಅವನ ಚೀಲ ನಾನೇ ಎತ್ತಿಕೊಂಡೆ, ಕಲ್ಲಿನಂತೆ ಭಾರವಿತ್ತು. ದಾರಿಯುದ್ದಕ್ಕೂ ಒಂದೇ ಸೀಟಿನಲ್ಲಿ ಕೂತಿದ್ದೆ.

ಸೋಮವಾರ ಬೆಳಿಗ್ಗೆ ಜಪಾನಿಗೆ ಒಪ್ಪಿಗೆ ಬರೆದು ಕಳಿಸುವಾಗ, ಬಾತ್‌ರೂಮಿನ ಮುಚ್ಚಿದ ಬಾಗಿಲ ಹಿಂದಿನಿಂದ ಅವನ ಮೀಟಿಂಗಿನ ದನಿ ಕೇಳಿಸುತ್ತಿತ್ತು.