ಬಿಡಲೊಲ್ಲದ ಪ್ರತಿಕಾಯ

ಡೆಂಗ್ಯೂ ಪರೀಕ್ಷೆಯ ಕಿಟ್‌ಗೆ ಒಂದು ಪ್ರತಿಕಾಯ, ಅಂದರೆ ಆಂಟಿಬಾಡಿ, ಆರಿಸಬೇಕಿತ್ತು. ಧಾರವಾಡದ ನಮ್ಮ ಪ್ರಯೋಗಾಲಯದಲ್ಲಿ, ವೈರಸ್ಸಿನ ಪ್ರೋಟೀನನ್ನು ಎಲ್ಲಕ್ಕಿಂತ ಬಿಗಿಯಾಗಿ ಹಿಡಿಯುವುದೇ ಬೇಕೆಂದು ನಾನು ಹಟ ಹಿಡಿದೆ. ಶುದ್ಧ ಮಾಡಲು ಅದನ್ನು ಆ ಪ್ರೋಟೀನು ಕೂಡಿಸಿದ ರೆಸಿನ್ ಎಂಬ ಸಣ್ಣ ಮಣಿಗಳ ಮೇಲೆ ಹರಿಸಿದೆವು. ಅಂಟಿಕೊಂಡಿತು. ಬಿಡಿಸಲು ಆಮ್ಲ ಸುರಿದರೆ ಬರಲಿಲ್ಲ. ಇನ್ನೂ ತೀಕ್ಷ್ಣ ಆಮ್ಲ ಸುರಿದಾಗ ಬಂತು, ಆದರೆ ಕೆಟ್ಟು ಬಂತು.

“ಇದಕ್ಕ ‘ಬರ್ತೇನ್ರಿ’ ಅಂತ ಹೇಳಿ ಏಳೋದು ಗೊತ್ತಿಲ್ಲ ನೋಡ್ರಿ,” ಎಂದರು ಸಹೋದ್ಯೋಗಿ ಸುನಂದಾಬಾಯಿ.

“ಹಿಡಿಯೋದು ಛಲೋ ಹಿಡೀತದಲ್ರಿ?” ಎಂದೆ.

“ಹಿಡೀತದರಿ. ನಾವೇನು ಮನಿಅಳಿಯನ್ನ ಹುಡುಕಾಕತ್ತೇವೇನ್ರಿ?”

ಅವರು ಆರಿಸಿದ ಸಾಧಾರಣ ಹಿಡಿತದ ಪ್ರತಿಕಾಯ ಮೊದಲ ಆಮ್ಲಕ್ಕೇ ಇಳಿದು ಬಂತು, ಕೆಲಸವನ್ನೂ ಮಾಡಿತು. ಕಿಟ್‌ಗೆ ಅದೇ ಹೋಯಿತು. ನನ್ನದನ್ನು ತಿರಸ್ಕರಿಸಿದ್ದಕ್ಕೆ ವರದಿಯಲ್ಲಿ ಕಾರಣ ಕೊಡಬೇಕಿತ್ತು. “ಅತಿಯಾದ ನಿಷ್ಠೆ” ಎಂದು ಬರೆದೆ. ಮೇಲಿನವರು ಯಾರೂ ವಿವರಣೆ ಕೇಳಲಿಲ್ಲ.